ಆ ಪ್ರಶ್ನೆ ಅವಳಿಗೇ ಯಾಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 13 ವರ್ಷ. ವಾಸಿಯಾಗದ ಬೆನ್ನುನೋವಿಗೆ ವೈದ್ಯರು ಬೋನ್ ಸ್ಕ್ಯಾನ್ (ವಿಕಿರಣ ಸೂಸುವ ವಸ್ತುವನ್ನು ಇಂಜೆಕ್ಷನ್‌ನಲ್ಲಿ ಕೊಟ್ಟು ಮೂಳೆಗಳ ಚಿತ್ರ ತೆಗೆಯುವ ಪರೀಕ್ಷೆ) ಬರೆದಿದ್ದರು. ಇಂಜೆಕ್ಷನ್ ಕೊಡುವ ಮೊದಲು ಸಿಬ್ಬಂದಿ ಕೇಳಿದ್ದು: "ಮುಟ್ಟು ಶುರುವಾಗಿದೆಯಾ? ಗರ್ಭಿಣಿಯಾಗಿರುವ ಸಾಧ್ಯತೆ ಇದೆಯಾ?" ತಾಯಿಗೆ ಮೈಯೆಲ್ಲ ಉರಿಯಿತು. ಸ್ಕ್ಯಾನೇ ಬೇಡ ಅಂತ ಮಗಳನ್ನು ಎಬ್ಬಿಸಿಕೊಂಡು ಬಂದುಬಿಟ್ಟರು. ನನ್ನ ಹತ್ತಿರ ಹೇಳಿದರು: "ಇವಳ ಅಣ್ಣನಿಗೂ ಇದೇ ಸ್ಕ್ಯಾನ್ ಆಗಿತ್ತು ಮೇಡಂ. ಅವನಿಗೆ ಇಂಥದ್ದೇನೂ ಕೇಳಲಿಲ್ಲ. ನನ್ನ ಮಗಳೇನು ಅಂಥವಳಾ?"

ಅನುಮಾನದಿಂದ ಕೇಳಿದ್ದಲ್ಲ ಎಂದೆ. ಮುಟ್ಟು ಶುರುವಾದ ಎಲ್ಲ ಹುಡುಗಿಯರಿಗೂ ಆ ಪ್ರಶ್ನೆ ಇರುತ್ತದೆ, ಹೊಟ್ಟೆಯಲ್ಲಿ ಭ್ರೂಣ ಇದ್ದರೆ ಅದಕ್ಕೆ ವಿಕಿರಣ ತಾಗಬಾರದು ಅಂತ. ಆದರೆ ತಾಯಿಯ ಎದುರೇ, ಯಾಕೆ ಅಂತ ಹೇಳದೆ ಕೇಳಿದ್ದು ಒರಟುತನವೇ. ಅದನ್ನೂ ಮುಚ್ಚಿಡಲಿಲ್ಲ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿದೆ. ಅವಳ ಚಿಂತೆಯೇ ಬೇರೆ. "ಆ ಇಂಜೆಕ್ಷನ್ ತಗೊಂಡ್ರೆ ನನಗೆ ಮುಂದೆ ಮಕ್ಕಳಾಗಲ್ವಾ?" ದೊಡ್ಡವರ ಜಗಳದಲ್ಲಿ ಇದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಆಗುತ್ತದೆ ಎಂದೆ. ಇಷ್ಟು ಸಣ್ಣ ಪ್ರಮಾಣದಿಂದ ಬಂಜೆತನ ಬರುವುದಿಲ್ಲ. ಟೆಕ್ನೀಷಿಯಮ್-99ಎಂ ಎನ್ನುವ ಆ ವಸ್ತುವಿನ ಶಕ್ತಿ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಡೋಸ್ ಅನ್ನು ಮಗುವಿನ ತೂಕ ನೋಡಿ ಕಡಿಮೆ ಮಾಡುತ್ತಾರೆ. ಹಾಗಂತ ಅಪಾಯ ಸೊನ್ನೆ ಅನ್ನಲಿಲ್ಲ; ಸುಳ್ಳು ಸಮಾಧಾನ ಈ ವಯಸ್ಸಿನವರಿಗೆ ತಕ್ಷಣ ಗೊತ್ತಾಗುತ್ತದೆ. ಅಷ್ಟೇ ವಿಕಿರಣಕ್ಕೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಲ್ಲಿ ತುಸು ಜಾಸ್ತಿ ಎಂದು ಅಂದಾಜಿದೆ. ಸ್ತನ, ಥೈರಾಯ್ಡ್ ಇದಕ್ಕೆ ಮುಖ್ಯ ಕಾರಣ. ವಯಸ್ಸು ಚಿಕ್ಕದಾದಷ್ಟೂ ಸಾಧ್ಯತೆ ಏರುತ್ತದೆ. ಒಂದು ಸ್ಕ್ಯಾನಿನ ಮಟ್ಟಿಗೆ ಅದು ತೀರಾ ಕಡಿಮೆ, ಆದರೆ ಸುಮ್ನೆ ಮಾಡಿಸುವ ಪರೀಕ್ಷೆಯೂ ಇದಲ್ಲ.

ಅವಳ ಕೈಯಲ್ಲೇ ಇರುವ ಒಂದು ಕೆಲಸ ಹೇಳಿದೆ: ಇಂಜೆಕ್ಷನ್ ಆದಮೇಲೆ ಚೆನ್ನಾಗಿ ನೀರು ಕುಡಿದು, ಆಗಾಗ ಮೂತ್ರಕ್ಕೆ ಹೋಗುವುದು. ವಸ್ತು ಮೂತ್ರಕೋಶದಲ್ಲಿ ಸೇರುತ್ತದೆ, ಅಂಡಾಶಯ ಅದರ ಪಕ್ಕದಲ್ಲೇ ಇದೆ. ಬೇಗ ಖಾಲಿಯಾದಷ್ಟೂ ಒಳ್ಳೆಯದು.

ತಾಯಿಗೆ ಮೂರು ಮಾತು ಹೇಳಿದೆ. ವಿಕಿರಣ ಇಲ್ಲದ ಎಂಆರ್‌ಐಯಲ್ಲಿ ಉತ್ತರ ಸಿಗುತ್ತದಾ ಅಂತ ವೈದ್ಯರನ್ನು ಮೊದಲು ಕೇಳಿ. ಸ್ಕ್ಯಾನೇ ಬೇಕೆಂದರೆ, ಮುಟ್ಟಿನ ವಿಷಯವನ್ನು ಮಗಳ ಹತ್ತಿರ ಒಬ್ಬಳೇ ಇದ್ದಾಗ ಕೇಳಲಿ ಅಂತ ಮೊದಲೇ ತಿಳಿಸಿ. ಚಿತ್ರದಲ್ಲಿ ಮಂಡಿಯ ಹತ್ತಿರ ದಟ್ಟ ಪಟ್ಟಿ ಕಂಡರೆ ಗಾಬರಿಯಾಗಬೇಡಿ. ಬೆಳೆಯುವ ಮೂಳೆಯ ತುದಿ ಎಲ್ಲ ಮಕ್ಕಳಲ್ಲೂ ಹಾಗೇ ಕಾಣುತ್ತದೆ. ಹುಡುಗಿಯರಲ್ಲಿ ಆ ತುದಿಗಳು ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಕೂಡಿಕೊಳ್ಳುತ್ತವೆ, ಹಾಗಾಗಿ ಅಣ್ಣನ ಚಿತ್ರದ ಜೊತೆ ಹೋಲಿಸುವುದೂ ಬೇಡ.

"ಮಗಳು ಕೇಳಿದ್ದೇನು?" ಅಂತ ತಾಯಿ ಹೋಗುವಾಗ ಕೇಳಿದರು. ಅವಳನ್ನೇ ಕೇಳಿ ಎಂದೆ.