ಹಳ್ಳಿ ದೇವಸ್ಥಾನಕ್ಕೆ ಭಕ್ತರಾಗಿ ಹೋಗಬೇಕಾ, ಪ್ರವಾಸಿಯಾಗಿ ಹೋಗಬೇಕಾ?

ನೀವು ಕೇಳಿದ್ದು ಇದು: ಬೆಳೆದದ್ದೆಲ್ಲ ಸಿಟಿಯಲ್ಲಿ, ಪೂಜೆ ಪುನಸ್ಕಾರ ಅಷ್ಟಾಗಿ ಗೊತ್ತಿಲ್ಲ, ಆದರೆ ಹಾಸನ, ಚಿಕ್ಕಮಗಳೂರು ಕಡೆಯ ಹೊಯ್ಸಳರ ಕಾಲದ ಹಳ್ಳಿ ದೇವಸ್ಥಾನಗಳನ್ನು ನೋಡುವ ಆಸೆ ಇದೆ. ಪೂಜೆ ಮಾಡಿಸದೆ ಸುಮ್ನೆ ಶಿಲ್ಪ ನೋಡಿಕೊಂಡು ಬಂದರೆ ಊರಿನವರು ಬೇಜಾರು ಮಾಡಿಕೊಳ್ಳುತ್ತಾರಾ, ಒಳಗೆ ಹೇಗೆ ನಡೆದುಕೊಳ್ಳಬೇಕು ಅಂತ.

ಧೈರ್ಯವಾಗಿ ಹೋಗಿ. ಈ ಕಡೆಯ ಗುಡಿಗಳನ್ನು ನಾನು ವರ್ಷಗಳಿಂದ ಸುತ್ತುತ್ತಿದ್ದೇನೆ, ಭಕ್ತರಾ ಟೂರಿಸ್ಟಾ ಅಂತ ಯಾರೂ ಕೇಳಿಲ್ಲ. "ಯಾವೂರು?" ಅಂತ ಕೇಳುತ್ತಾರೆ. ಅವರ ಲೆಕ್ಕದಲ್ಲಿ ನೀವು ಅವರ ಊರಿನ ದೇವರನ್ನು ನೋಡಲು ಬಂದವರು, ಅಷ್ಟೇ. ನಾನು ಹೇಳುವುದು ಒಂದೇ ಮಾತು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ: ಮೊದಲು ದೇವರ ಮುಂದೆ ಒಂದು ಮಂಗಳಾರತಿ ಆಗುವ ತನಕ ನಿಂತುಕೊಳ್ಳಿ, ಆಮೇಲೆ ಶಿಲ್ಪ ನೋಡಿ, ಫೋಟೋ ತೆಗೆಯಿರಿ, ಎಷ್ಟು ಹೊತ್ತು ಬೇಕಾದರೂ ಇರಿ. ನಂಬಿಕೆ ಇದ್ದರೂ ಇಲ್ಲದಿದ್ದರೂ ಈ ಕ್ರಮ ಬದಲಾಯಿಸಬೇಡಿ.

ಯಾಕೆ ಅಂದರೆ, ಪ್ರವಾಸಿಗರಿಗೆ ಒಂದೇ ಥರ ಕಾಣುವ ಈ ಹೊಯ್ಸಳ ಗುಡಿಗಳಲ್ಲಿ ಎರಡು ಬಗೆ ಇವೆ. ಸೋಮನಾಥಪುರದ್ದು 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ. ಅಲ್ಲಿ ನಿತ್ಯಪೂಜೆ ಇಲ್ಲ, ಟಿಕೆಟ್ ತಗೊಂಡು ಹೋಗಿ ನೋಡುವ ಸ್ಮಾರಕ ಅದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿ ನೀವು ಪೂರ್ತಿ ಪ್ರವಾಸಿ ಆಗಿದ್ದರೂ ಏನೂ ತೊಂದರೆ ಇಲ್ಲ. ಆದರೆ ಬೆಳವಾಡಿ, ಅಮೃತಾಪುರ ಇಂಥ ಕಡೆ ಕಲ್ಲು ಅಷ್ಟೇ ಹಳೆಯದು, ದೇವರಿಗೆ ಮಾತ್ರ ಇವತ್ತು ಬೆಳಿಗ್ಗೆಯೂ ಅಭಿಷೇಕ ಆಗಿರುತ್ತದೆ. ಊರಿನ ಮದುವೆಯ ಮೊದಲ ಪತ್ರಿಕೆ ಅಲ್ಲಿಗೇ ಬರುತ್ತದೆ. ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಹೊರಗೆ ಇದೆ ಅಂತ ಅದನ್ನು ಮ್ಯೂಸಿಯಂ ಅಂದುಕೊಳ್ಳಬೇಡಿ.

ಸಮಯದ ವಿಷಯ ಮುಖ್ಯ. ಇಂಥ ಗುಡಿಗಳಲ್ಲಿ ಬಹಳಷ್ಟಕ್ಕೆ ಒಬ್ಬರೇ ಅರ್ಚಕರು. ಬೆಳಿಗ್ಗೆ ಬಂದು ಪೂಜೆ ಮುಗಿಸಿ ಬೀಗ ಹಾಕಿ ಮನೆಗೆ ಹೋಗುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ಸಿಟಿಯವರು ಬೇಲೂರು, ಹಳೇಬೀಡು ಮುಗಿಸಿ ಮಧ್ಯಾಹ್ನ ಎರಡಕ್ಕೆ ಬಂದು ಬಾಗಿಲು ಅಲ್ಲಾಡಿಸುತ್ತಾರೆ, ಆಮೇಲೆ "ಯಾರೂ ಇರಲಿಲ್ಲ" ಅಂತ ಗೂಗಲ್ ಮ್ಯಾಪಿನಲ್ಲಿ ಒಂದು ಸ್ಟಾರ್ ಕೊಡುತ್ತಾರೆ. ಇದು ನನಗೆ ನಿಜವಾಗಲೂ ಬೇಜಾರು ತರಿಸುವ ವಿಷಯ. ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಅಲ್ಲಿರುವ ಹಾಗೆ ಹೊರಡಿ. ಬೀಗ ಹಾಕಿದ್ದರೆ ಎದುರಿನ ಅಂಗಡಿಯಲ್ಲಿ ಕೇಳಿ, ಅರ್ಚಕರ ಮನೆ ತೋರಿಸುತ್ತಾರೆ. ಹೋಗಿ "ಸ್ವಾಮಿ, ದೂರದಿಂದ ಬಂದಿದ್ದೀವಿ, ನಿಮಗೆ ಅನುಕೂಲ ಆದಾಗ ಬಾಗಿಲು ತೆಗೀತೀರಾ?" ಅಂತ ಕೇಳಿ. ಊಟಕ್ಕೆ ಕೂತಿದ್ದರೆ ಕಾಯಿರಿ. ದುಡ್ಡು ತೋರಿಸಿ ಅವಸರ ಮಾಡಬೇಡಿ.

ಒಳಗೆ ಹೋದ ಮೇಲೆ ಕಷ್ಟದ್ದು ಏನೂ ಇಲ್ಲ. ಹಣ್ಣು ಕಾಯಿ ತಂದಿದ್ದರೆ ಅರ್ಚಕರ ಕೈಗೆ ಕೊಡಿ, ತರದಿದ್ದರೂ ನಡೆಯುತ್ತದೆ. ಅರ್ಚನೆ ಮಾಡಿಸಿದರೆ ಹೆಸರು, ಗೋತ್ರ, ನಕ್ಷತ್ರ ಕೇಳುತ್ತಾರೆ. ಗೋತ್ರ ಗೊತ್ತಿಲ್ಲ ಅಂದರೆ ನಾಚಿಕೊಳ್ಳಬೇಡಿ, ಹೆಸರಷ್ಟೇ ಹೇಳಿ, ಅವರು ನೋಡಿಕೊಳ್ಳುತ್ತಾರೆ. ಗರ್ಭಗುಡಿಯ ಹೊಸ್ತಿಲು ದಾಟಬಾರದು. ಸಾಮಾನ್ಯವಾಗಿ ಸುಕನಾಸಿಯ (ಗರ್ಭಗುಡಿಯ ಮುಂದಿನ ಸಣ್ಣ ಕೋಣೆ) ಹೊರಗೆ, ನವರಂಗದಲ್ಲಿ, ಅಂದರೆ ಕಂಬಗಳ ಒಳಮಂಟಪದಲ್ಲಿ ನಿಲ್ಲುವುದು. ನಡುವೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರೆ ಹಿಂದಿನವರಿಗೂ ದೇವರು ಕಾಣುತ್ತದೆ. ಶಿವನ ಗುಡಿಯಲ್ಲಿ ನಂದಿಗೂ ಲಿಂಗಕ್ಕೂ ಮಧ್ಯೆ ಅಡ್ಡ ಹಾಯಬೇಡಿ. ತೀರ್ಥಕ್ಕೆ ಬಲಗೈ ಚಾಚಿ, ಎಡಗೈ ಕೆಳಗಿರಲಿ. ವಿಷ್ಣುವಿನ ಗುಡಿಯಲ್ಲಿ ಶಠಾರಿ (ದೇವರ ಪಾದದ ಗುರುತಿರುವ, ತಲೆಯ ಮೇಲೆ ಇಡುವ ಲೋಹದ ಕಿರೀಟ) ತಂದರೆ ತಲೆ ಬಗ್ಗಿಸಿ. ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದಕ್ಕೆ ಪಕ್ಕದಲ್ಲಿ ನಿಂತ ಅಜ್ಜಿ ಏನು ಮಾಡುತ್ತಾರೋ ಹಾಗೆ ಮಾಡಿ. ಬಟ್ಟೆಯ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಮೈ ಮುಚ್ಚುವ ಸಾಧಾರಣ ಬಟ್ಟೆ ಇದ್ದರೆ ಆಯಿತು.

ಮಂಗಳಾರತಿಗೆ ನಿಲ್ಲಿ ಅಂತ ನಾನು ಒತ್ತಿ ಹೇಳುವುದಕ್ಕೆ ಬೆಳವಾಡಿ ಕಾರಣ. ಹಳೇಬೀಡಿನಿಂದ ಸ್ವಲ್ಪ ದೂರದಲ್ಲೇ ಇದೆ, ಆದರೂ ಹಳೇಬೀಡಿಗೆ ಬಂದವರಲ್ಲಿ ಅಲ್ಲಿಗೆ ಹೋಗುವವರು ಕಡಿಮೆ. ಮೂರು ಗರ್ಭಗುಡಿಗಳ ತ್ರಿಕೂಟ: ನಡುವೆ ವೀರನಾರಾಯಣ, ಎರಡು ಪಕ್ಕಗಳಲ್ಲಿ ವೇಣುಗೋಪಾಲ ಮತ್ತು ಯೋಗನರಸಿಂಹ. ದೊಡ್ಡ ಮಂಟಪದ ಕಂಬಗಳು ಎಷ್ಟು ನುಣುಪು ಅಂದರೆ ಹೊರಗಿನ ಬೆಳಕು ಅದರಲ್ಲಿ ಗೆರೆ ಗೆರೆಯಾಗಿ ಕಾಣುತ್ತದೆ. ಒಳಗೆ ಹೋದ ಹಾಗೆ ಕತ್ತಲೆ ಜಾಸ್ತಿ. ವೇಣುಗೋಪಾಲನ ಮುಂದೆ ನಿಂತಾಗ ಮೊದಲು ಕಾಣುವುದು ಒಂದು ಕಪ್ಪು ಆಕಾರ, ಅಷ್ಟೇ. ಅರ್ಚಕರು ಆರತಿ ತಟ್ಟೆಯನ್ನು ಪಾದದಿಂದ ನಿಧಾನಕ್ಕೆ ಮೇಲೆತ್ತುತ್ತಾರೆ. ಆಗ ಒಂದೊಂದೇ ಕಾಣತೊಡಗುತ್ತದೆ: ಅಡ್ಡ ಇಟ್ಟ ಪಾದ, ಪಕ್ಕದಲ್ಲಿ ಕತ್ತೆತ್ತಿದ ಹಸುಗಳು, ಗೋಪಿಯರು, ಕೊಳಲು ಹಿಡಿದ ಬೆರಳು, ಕೊನೆಗೆ ಮುಖ. ಶಿಲ್ಪಿ ಈ ಮೂರ್ತಿಯನ್ನು ಟ್ಯೂಬ್‌ಲೈಟಿಗಾಗಿ ಕಡೆದಿಲ್ಲ, ದೀಪಕ್ಕಾಗಿ ಕಡೆದದ್ದು ಅಂತ ನನಗೆ ಅಲ್ಲೇ ಮನಸ್ಸಿಗೆ ಬಂತು. ಫೋನಿನ ಫ್ಲಾಶ್ ಹಾಕಿಕೊಂಡು ನೋಡಿದ್ದರೆ ಇದು ಸಿಗುತ್ತಿರಲಿಲ್ಲ. ಶಿಲ್ಪಕ್ಕಾಗಿಯೇ ಹೋಗುವವರು ಕೂಡ ಪೂಜೆಯ ಹೊತ್ತಿಗೇ ಹೋಗಬೇಕು ಅನ್ನುವುದು ಇದಕ್ಕೇ.

ಆರತಿ ತಟ್ಟೆಗೆ ಎಷ್ಟು ಹಾಕಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಜರಾಯಿ ದೇವಸ್ಥಾನಗಳನ್ನು, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಗೆ ಸೇರಿದವನ್ನು, ವರ್ಷದ ಆದಾಯ ನೋಡಿ ಎ, ಬಿ, ಸಿ ಅಂತ ಮಾಡಿದ್ದಾರೆ. 5 ಲಕ್ಷದ ಒಳಗಿನವು ಸಿ ವರ್ಗ, ರಾಜ್ಯದ ಬಹುಪಾಲು ಮುಜರಾಯಿ ಗುಡಿಗಳು ಇದರಲ್ಲೇ ಇರುವುದು. ಇವಕ್ಕೆ ಪೂಜೆಯ ಖರ್ಚಿಗೆ ಅಂತ ಸರ್ಕಾರ ಕೊಡುವ ತಸ್ತೀಕ್ ಹಣ ವರ್ಷಕ್ಕೆ 60 ಸಾವಿರ ಇದ್ದದ್ದನ್ನು 2025ರ ಬಜೆಟ್‌ನಲ್ಲಿ 72 ಸಾವಿರ ಮಾಡುವುದಾಗಿ ಹೇಳಿದರು. ಅಂದರೆ ತಿಂಗಳಿಗೆ ಆರು ಸಾವಿರ. ಮಳೆ ಬರಲಿ ಬಿಸಿಲಿರಲಿ, ದಿನಾ ಬಾಗಿಲು ತೆಗೆದು ದೀಪ ಹಚ್ಚುವುದು ಇಷ್ಟರಲ್ಲಿ ನಡೆಯಬೇಕು. ಊರೇ ಸಣ್ಣದಾದರೆ ತಟ್ಟೆ ಕಾಸು ಎಷ್ಟು ಬರುತ್ತದೆ ಹೇಳಿ? ಹಾಗಾಗಿ ಹುಂಡಿಗೆ ಹಾಕುವುದು ಬೇರೆ, ಅರ್ಚಕರ ತಟ್ಟೆಗೂ ಕೈಲಾದಷ್ಟು ಹಾಕಿ. ಅವರು ನಿಮಗಾಗಿ ಅರ್ಧ ಗಂಟೆ ನಿಂತು ಒಂದೊಂದು ಮೂರ್ತಿ ತೋರಿಸಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಬಲವಂತವಾಗಿ ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ, ಆದರೆ ಇಂಥ ಹಳ್ಳಿಗಳಲ್ಲಿ ಹಾಗೆ ಕೇಳಿದ್ದನ್ನು ನಾನು ನೋಡಿಲ್ಲ.

ಪೂಜೆ ಆದ ಮೇಲೆ ನಿಮ್ಮ ಶಿಲ್ಪದ ಸಮಯ. ಇಲ್ಲಿ ನನ್ನ ಸಲಹೆ, ದಿನಕ್ಕೆ ಐದು ಗುಡಿ ಅಂತ ಪಟ್ಟಿ ಹಾಕಿಕೊಳ್ಳಬೇಡಿ. ಒಂದು ಅಥವಾ ಎರಡು ಸಾಕು. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದರೆ ಅರ್ಧ ದಿನ ಅಲ್ಲೇ ಇರಿ. ಹೊಯ್ಸಳ ರಾಜ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ತೆರೆದ ಮಂಟಪದ ಹೊರಗೋಡೆಯಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕಥೆ ಮತ್ತು ಮಹಾಭಾರತ. ಉತ್ತರದ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ, ರಾಮಾಯಣ ಮಾತ್ರ ಉಲ್ಟಾ ದಿಕ್ಕಿಗೆ. ಹಾಗಾಗಿ ಪ್ರದಕ್ಷಿಣೆ ಹಾಕುತ್ತಲೇ ನೋಡಿದರೆ ರಾಮಾಯಣ ಕೊನೆಯಿಂದ ಶುರುವಾಗಿ ತಲೆಬುಡ ಗೊತ್ತಾಗುವುದಿಲ್ಲ. ಮೊದಲು ಪ್ರದಕ್ಷಿಣೆ ಮುಗಿಸಿ, ಆಮೇಲೆ ರಾಮಾಯಣ ಶುರುವಾಗುವ ತುದಿಗೆ ಹೋಗಿ ಅಲ್ಲಿಂದ ಓದುತ್ತಾ ಬನ್ನಿ. ಮಕ್ಕಳು ಜೊತೆಗಿದ್ದರೆ ಇದು ಯಾರು, ಅದು ಯಾರು ಅಂತ ಅವರ ಕೈಲೇ ಹೇಳಿಸಿ. ಹಾಗೇ ಅಲ್ಲಿರುವ ದೊಡ್ಡ ಶಾಸನವನ್ನು ನೋಡದೆ ಬರಬೇಡಿ. ಅದರಲ್ಲಿರುವ ಪದ್ಯಗಳು ಕವಿ ಜನ್ನನವು. ಹಳಗನ್ನಡ ಓದಲು ಬರದಿದ್ದರೂ ನಮ್ಮ ಭಾಷೆಯ ಅಷ್ಟು ದೊಡ್ಡ ಕವಿಯ ಸಾಲುಗಳು ಬಯಲಲ್ಲಿ, ಕಲ್ಲಿನ ಮೇಲೆ, ಕಣ್ಣೆದುರಿಗೇ ಇವೆ ಅಲ್ವಾ?

ಅಕ್ಷರ ಕಾಣಲಿ ಅಂತ ಶಾಸನಕ್ಕೆ ಹಿಟ್ಟು, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ, ಬೇರೆಯವರು ಬಳಿಯುತ್ತಿದ್ದರೆ ಬೇಡ ಅನ್ನಿ. ಶಿಲ್ಪಗಳನ್ನೂ ಮುಟ್ಟಬೇಡಿ. ಇದು ಬಳಪದ ಕಲ್ಲು, ಮೆದು. ಕೈ ಎಟುಕುವಷ್ಟು ಎತ್ತರದ ಮೂರ್ತಿಗಳ ಮೂಗು, ಹೊಟ್ಟೆ ಹೇಗೆ ಸವೆದು ಹೊಳೆಯುತ್ತಿವೆ ನೋಡಿದರೆ ಗೊತ್ತಾಗುತ್ತದೆ. ಫೋಟೋ ವಿಷಯ: ಹೊರಗೆ ಎಲ್ಲಿ ಬೇಕಾದರೂ ತೆಗೆಯಿರಿ, ಪೂಜೆ ನಡೆಯುವ ಮೂಲ ಮೂರ್ತಿಯದ್ದು ಮಾತ್ರ ಕೇಳದೆ ಬೇಡ. ಇಲ್ಲ ಅಂದರೆ ಇಲ್ಲ, ವಾದ ಮಾಡಬೇಡಿ.

ಇನ್ನೊಂದು. ಎಲ್ಲ ಗುಡಿಯನ್ನೂ ರಾಜನೇ ಕಟ್ಟಿಸಿದ್ದು ಅಂತ ಅಂದುಕೊಂಡಿರುತ್ತೇವೆ. ಹಾಸನದಿಂದ ಬೇಲೂರಿಗೆ ಹೋಗುವ ಕಡೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಇದೆ, ವಿಷ್ಣುವರ್ಧನನ ಕಾಲದ್ದು, 1114ರ ಸುಮಾರಿನದ್ದು. ಅದನ್ನು ಕಟ್ಟಿಸಿದ್ದು ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಒಂದು ಕಾಳಿಯದು. ಕಾಳಿಯ ಕಡೆ ಮೂಳೆ ಚಕ್ಕಳದ ಎರಡು ಬೇತಾಳಗಳು ಕಾವಲು ನಿಂತಿವೆ. ಪಕ್ಕದಲ್ಲಿ ಕೆರೆ. ಜನ ಕಡಿಮೆ. ನಿಮ್ಮ ಮೊದಲ ಗುಡಿ ಇದೇ ಆಗಲಿ ಅನ್ನುವುದು ನನ್ನ ಆಸೆ.

ಗುಡಿಯಿಂದ ಹೊರಗೆ ಬಂದ ಮೇಲೆ ಊರೊಳಗೆ ಒಂದು ಸುತ್ತು ಹಾಕಿ. ಕೆರೆ ಏರಿಯ ಮೇಲೋ, ಅರಳಿಕಟ್ಟೆ ಹತ್ತಿರವೋ ವೀರಗಲ್ಲು ಸಿಗುವ ಸಾಧ್ಯತೆ ಜಾಸ್ತಿ. ಅದನ್ನು ಕೆಳಗಿನಿಂದ ಮೇಲೆ ಓದಬೇಕು: ಕೆಳಗೆ ಯುದ್ಧ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ದೇವರ ಮುಂದೆ ಕೂತಿರುವುದು. ಎಷ್ಟೋ ವೀರಗಲ್ಲುಗಳು ಊರಿನ ದನಗಳನ್ನು ಕಾಪಾಡಲು ಹೋಗಿ ಸತ್ತ ಸಾಮಾನ್ಯ ಜನರದ್ದು. ಹಾಗೇ ಊರ ಅಮ್ಮನ ಗುಡಿ ಕಂಡರೆ ಅಲ್ಲಿಗೂ ಹೋಗಿ. ಕಲ್ಲಿನ ಕೆಲಸ ಏನೂ ಇರುವುದಿಲ್ಲ, ಹೆಂಚಿನ ಮನೆಯೋ ತಾರಸಿಯೋ ಇರುತ್ತದೆ, ಆದರೆ ಊರಿನವರಿಗೆ ಕಷ್ಟ ಬಂದಾಗ ಮೊದಲು ನೆನಪಾಗುವುದು ಅವಳೇ. ಅಲ್ಲಿ ಒಂದು ಎಚ್ಚರಿಕೆ ಬೇಕು. ಹಬ್ಬ ಸಾರಿದ ಮೇಲೆ ಊರಿಗೇ ಕಟ್ಟುಪಾಡು ಇರುತ್ತದೆ, ಹೊರಗಿನವರು ಎಲ್ಲಿ ತನಕ ಬರಬಹುದು ಅನ್ನುವುದಕ್ಕೂ ನಿಯಮ ಇರಬಹುದು. ಕಟ್ಟೆ ಮೇಲೆ ಕೂತ ಹಿರಿಯರನ್ನು ಕೇಳಿಯೇ ಒಳಗೆ ಕಾಲಿಡಿ.

ಹೊರಡುವ ಮುಂಚೆ ಹತ್ತು, ಇಪ್ಪತ್ತು, ಐವತ್ತರ ನೋಟು ಜೇಬಿನಲ್ಲಿಟ್ಟುಕೊಳ್ಳಿ, ಒಂದು ಜೊತೆ ಕಾಲುಚೀಲ ಬ್ಯಾಗಿನಲ್ಲಿರಲಿ. ಹನ್ನೊಂದರ ಮೇಲೆ ಜಗತಿಯ (ಗುಡಿಯ ಸುತ್ತಲಿನ ಎತ್ತರದ ಕಟ್ಟೆ) ಕಲ್ಲು ಕಾದುಬಿಡುತ್ತದೆ, ಬರಿಗಾಲಲ್ಲಿ ರಾಮಾಯಣ ಪೂರ್ತಿ ನೋಡಲು ಆಗುವುದಿಲ್ಲ. ಕಾಲುಚೀಲ ಹಾಕಿಕೊಳ್ಳಬಹುದಾ ಅಂತ ಅರ್ಚಕರನ್ನು ಒಂದು ಮಾತು ಕೇಳಿದರೆ ಸಾಕು, ಹೊರಗಿನ ಸುತ್ತಿಗೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.