4294967297 ಅವಿಭಾಜ್ಯವಲ್ಲ, 641ರಿಂದ ಭಾಗಿಸಿ ನೋಡಿ

ನೂರರೊಳಗಿನ ಯಾವ ಅವಿಭಾಜ್ಯದಿಂದಲೂ 4294967297 ಭಾಗವಾಗಲಿಲ್ಲ, ಹಾಗಾದರೆ ಇದೂ ಅವಿಭಾಜ್ಯವೇ ಅಂತ ಕೇಳಿದ್ದೀರಿ. ಅಲ್ಲ, ಇದು 641 × 6700417. ನೂರಕ್ಕೇ ನಿಲ್ಲಿಸುವಂತಿಲ್ಲ, ವರ್ಗಮೂಲದವರೆಗೆ, ಅಂದರೆ 65536ರ ತನಕ ನೋಡಬೇಕು.

ಒಂದೊಂದನ್ನೇ ಭಾಗಿಸುತ್ತ ಕೂತರೆ ಬೇಗ ಮುಗಿಯುವ ಕೆಲಸವಲ್ಲ, ನಿಜ. ಆದರೆ ನಿಮ್ಮ ಸಂಖ್ಯೆ ಸಾಮಾನ್ಯದ್ದಲ್ಲ, 2³² + 1. ಗಣಿತಜ್ಞ ಫರ್ಮಾ ಅಂಥವರೇ ಇದನ್ನು ಅವಿಭಾಜ್ಯವೆಂದು ನಂಬಿದ್ದರು! 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದರು. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಆ ಜರಡಿ ಹಿಡಿದರೆ ಸಿಗುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು.

ಭಾಗಾಕಾರವೇ ಬೇಡ ಎಂದರೆ ಇನ್ನೊಂದು ದಾರಿಯಿದೆ, ನನಗೆ ಇದೇ ಹೆಚ್ಚು ಇಷ್ಟ. 641 = 5 × 2⁷ + 1. ಹಾಗಾಗಿ 5 × 2⁷ ಅನ್ನು 641ರಿಂದ ಭಾಗಿಸಿದಾಗ ಶೇಷ −1 ಎನ್ನಬಹುದು. ನಾಲ್ಕನೇ ಘಾತಕ್ಕೆ ಏರಿಸಿ: 5⁴ × 2²⁸ರ ಶೇಷ 1. ಇತ್ತ 641 = 5⁴ + 2⁴ ಕೂಡ ಹೌದು, ಆದ್ದರಿಂದ 5⁴ರ ಜಾಗಕ್ಕೆ −2⁴ ಹಾಕಬಹುದು. ಆಗ −2³²ರ ಶೇಷ 1, ಅಂದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

ಉಳಿದ 6700417 ಅವಿಭಾಜ್ಯವೇ, ಅದನ್ನು ಮತ್ತೆ ಒಡೆಯಲು ಹೋಗಬೇಡಿ.