ಫಾರ್ಮ್ಯಾಟ್ ಮಾಡಬೇಡಿ, ಮೊದಲು ಕಾರ್ಡಿನಲ್ಲಿರುವ ಫೋಟೊ ಉಳಿಸಿಕೊಳ್ಳಿ

ಕ್ಯಾಮೆರಾದ 64 ಜಿಬಿ ಮೆಮೊರಿ ಕಾರ್ಡ್ ಕಂಪ್ಯೂಟರ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಿ ಅನ್ನುತ್ತಿದೆ, ತಂಗಿ ಮದುವೆಯ ಫೋಟೊಗಳು ಅದರಲ್ಲೇ ಇವೆ ಅಂತ ಕೇಳಿದ್ದೀರಿ ಅಲ್ವಾ? ಆ ಬಟನ್ ಒತ್ತಬೇಡಿ. ಕ್ಯಾಮೆರಾಗೂ ವಾಪಸ್ ಹಾಕಬೇಡಿ, ಹೊಸ ಫೋಟೊ ತೆಗೆದರೆ ಹಳೆಯದರ ಮೇಲೆ ಕೂರುತ್ತದೆ. ಮೊದಲು ಬೇರೆ ಕಾರ್ಡ್ ರೀಡರ್‌ನಲ್ಲಿ ನೋಡಿ, ಕೆಲವು ಸಲ ತೊಂದರೆ ರೀಡರ್‌ದೇ ಆಗಿರುತ್ತದೆ.

ಅಲ್ಲೂ ಹಾಗೇ ಬಂದರೆ ಕಳೆದುಹೋದ ಫೋಟೊ ಹುಡುಕಿ ತೆಗೆಯುವ ಫೋಟೊರೆಕ್ (PhotoRec) ಅನ್ನೋ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ನೋಡೋಕೆ ಹಳೇ ಕಾಲದ ಕಪ್ಪು ಪರದೆ, ಹೆದರಬೇಡಿ. ಅದು ಕೆಟ್ಟುಹೋದ ಫೈಲ್ ಪಟ್ಟಿಯನ್ನು ನಂಬಿ ಕೂರುವುದಿಲ್ಲ, ಜೆಪೆಗ್ (ಅಂದರೆ ಫೋಟೊ ಫೈಲ್) ಶುರುವಾಗುವ ಗುರುತು ಎಲ್ಲೆಲ್ಲಿದೆ ಅಂತ ಇಡೀ ಕಾರ್ಡ್ ಜಾಲಾಡುತ್ತದೆ, ಹಾಗಾಗಿ ಫೋಟೊ ಸಿಕ್ಕರೂ ಹಳೆಯ ಹೆಸರು, ಫೋಲ್ಡರ್ ಸಿಗುವುದಿಲ್ಲ. ತುಂಡು ತುಂಡಾಗಿ ಹರಡಿರುವ ದೊಡ್ಡ ವಿಡಿಯೊ ಪೂರ್ತಿ ಬರುವುದು ಸ್ವಲ್ಪ ಕಷ್ಟವೇ. ಸಿಕ್ಕಿದ್ದನ್ನು ಕಂಪ್ಯೂಟರ್‌ನಲ್ಲಿ ಉಳಿಸಿ, ಅದೇ ಕಾರ್ಡಿಗೆ ಅಲ್ಲ.

ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಿ ಅಂತ ಯಾರಾದರೂ ಹೇಳಿದರೆ ಈಗಲೇ ಬೇಡ. ರಿಪೇರಿ ಮಾಡುವಾಗ ಅದು ಕಾರ್ಡಿನ ಮೇಲೆ ಬರೆಯುತ್ತದೆ. ಫೋಟೊ ಕೈಗೆ ಬಂದ ಮೇಲೆ ಸುಮ್ನೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಕಾರ್ಡ್ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯು (H2testw) ಹಾಕಿ ಕಾರ್ಡನ್ನು ಪೂರ್ತಿ ತುಂಬಿಸಿ ಓದಿಸಿ. ಒಂದು ತಪ್ಪು ತೋರಿಸಿದರೂ ಕಾರ್ಡ್ ಬಿಸಾಡಿ. ನಾನು ಜಿಪುಣತನ ಮಾಡಿ ಒಂದನ್ನು ಇಟ್ಟುಕೊಂಡಿದ್ದೆ, ಮುಂದಿನ ಪ್ರವಾಸದಲ್ಲೇ ಕೈಕೊಟ್ಟಿತು.